ಒಂದೇ ಒಂದು ಮುದ್ದೆ

ನನ್ನ ಫೋನಿಗೆ ಮುದ್ದೆ ಎಂದರೆ ಏನೆಂದು ಗೊತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಏಕೆಂದರೆ ಇಷ್ಟು ದಿನ ನಾನು ಮನೆಯಲ್ಲಿ, ಶಾಲೆಯಲ್ಲಿ, ಬಸ್ಸಿನಲ್ಲಿ ಸಿಕ್ಕಸಿಕ್ಕವರ ಮೇಲೆ ರೇಗಿದ್ದಕ್ಕೆಲ್ಲ ಶುರು ಅಲ್ಲಿಂದಲೇ. ಫೋನಿನಲ್ಲೊಂದು ಆ್ಯಪ್ ಇದೆ. ತಿಂದಿದ್ದನ್ನೆಲ್ಲ ಅದಕ್ಕೆ ಒಪ್ಪಿಸಬೇಕು. ಅದು ಕ್ಯಾಲೊರಿ ಲೆಕ್ಕ ಹಾಕಿ ಸಂಜೆಗೆ ‘ಇನ್ನೂ ಸ್ವಲ್ಪ ತಿನ್ನಬಹುದು’ ಎಂದೋ ‘ಮಿತಿ ಮೀರಿದ್ದೀರಿ’ ಎಂದೋ ತೀರ್ಪು ಕೊಡುತ್ತದೆ. ಅದಕ್ಕೆ ಕಿನೋವಾ ಗೊತ್ತು, ಬೆಣ್ಣೆಹಣ್ಣು ಗೊತ್ತು. ಯಾವುದೋ ಸಮುದ್ರದ ಮೀನಿನ ಹೆಸರು ಹಾಕಿದರೆ ಹುರಿದದ್ದೋ ಬೇಯಿಸಿದ್ದೋ ಎಂದು ವಿನಯವಾಗಿ ಕೇಳುತ್ತದೆ. ಬಸ್ಸಾರು ಎಂದು ಹಾಕಿದರೆ ಮಾತ್ರ ‘ಏನೂ ಸಿಗಲಿಲ್ಲ, ಬೇರೆ ಪದ ಹಾಕಿ ನೋಡಿ’ ಅನ್ನುತ್ತದೆ. ಬಸ್ಸಾರಿಗೆ ಬೇರೆ ಪದ ನಾನೆಲ್ಲಿಂದ ತರಲಿ? ತಡಕಾಡಿ ತಡಕಾಡಿ ಕೊನೆಗೆ ‘ರಾಗಿ ಉಂಡೆ, ಮಧ್ಯಮ ಗಾತ್ರ’ ಎಂಬುದೊಂದು ಸಿಕ್ಕಿತು. ಉಂಡೆಯಂತೆ. ಮಧ್ಯಮವಂತೆ. ಯಾರ ಮನೆಯ ಮಧ್ಯಮ ಎಂದು ಕೇಳೋಣವೆಂದರೆ ಅಲ್ಲಿ ಮನುಷ್ಯರು ಯಾರೂ ಇಲ್ಲ.

ಐವತ್ತು ಹತ್ತಿರ ಬಂದಮೇಲೆ ಈ ಮೇಡಂಗೆ ತೆಳ್ಳಗಾಗುವ ಹುಚ್ಚು ಯಾಕೆ ಹತ್ತಿತು ಎಂದು ನೀವು ಮುಸಿಮುಸಿ ನಗುವ ಮೊದಲು ವಿಷಯ ಹೇಳುತ್ತೇನೆ. ನನಗೊಬ್ಬ ತಮ್ಮನಿದ್ದಾನೆ, ನಾಗರಾಜ. ಶಿರಾದಲ್ಲಿ ಹೈವೇ ಪಕ್ಕ ಅವನದೊಂದು ವೆಲ್ಡಿಂಗ್ ಅಂಗಡಿ. ಗೇಟು, ಗ್ರಿಲ್ಲು, ಟ್ರ್ಯಾಕ್ಟರಿನ ಟ್ರೇಲರ್ ಎಲ್ಲ ಮಾಡುತ್ತಿದ್ದವನು, ಈಗ ಕುರ್ಚಿ ಹಾಕಿಕೊಂಡು ಕೂತು ಕೆಲಸದವರಿಂದ ಮಾಡಿಸುತ್ತಾನೆ. ಅವನ ಎರಡು ಕಿಡ್ನಿಗಳೂ ಕೈಕೊಟ್ಟಿವೆ. ವಾರದಲ್ಲಿ ಮೂರು ಸಲ ತುಮಕೂರಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಾನೆ. ನನ್ನ ಕಿಡ್ನಿ ಅವನಿಗೆ ಹೊಂದುತ್ತದೆ ಎಂದು ಗೊತ್ತಾಯಿತು. ಕೊಡುತ್ತೇನೆ ಅಂದೆ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಬೆಂಗಳೂರಿನ ಡಾಕ್ಟರು ನನ್ನನ್ನು ತೂಕದ ಮಿಷನ್ನಿನ ಮೇಲೆ ನಿಲ್ಲಿಸಿದರು. ಎಲ್ಲ ಚೆನ್ನಾಗಿದೆ, ಆದರೆ ಎಂಟು ಕೆ.ಜಿ. ಜಾಸ್ತಿ ಇದ್ದೀರಿ, ಇಳಿಸಿಕೊಂಡು ಬನ್ನಿ, ಇಷ್ಟು ತೂಕದಲ್ಲಿ ನಿಮಗೆ ಆಪರೇಷನ್ ಮಾಡುವುದು ಒಳ್ಳೆಯದಲ್ಲ ಎಂದರು. ಕನ್ನಡಕ ತೆಗೆದು ಒರೆಸುತ್ತಾ, ತಡಮಾಡಬೇಡಿ ಎಂದೂ ಸೇರಿಸಿದರು. ಅಲ್ಲಿಗೆ ನನ್ನ ತಮ್ಮನ ಜೀವ ಬಂದು ನನ್ನ ಸೊಂಟದ ಸುತ್ತಳತೆಗೆ ತಗಲಿಹಾಕಿಕೊಂಡಿತು.

ಆ್ಯಪ್ ಹಾಕಿಕೊಟ್ಟವನು ಅವನೇ. ಬೆಂಗಳೂರಿಂದ ಬರುವ ಬಸ್ಸಿನಲ್ಲೇ ನನ್ನ ಫೋನ್ ಕಿತ್ತುಕೊಂಡು ಏನೇನೋ ಒತ್ತಿ, ನನ್ನ ವಯಸ್ಸು, ಎತ್ತರ ಎಲ್ಲ ಅವನೇ ತುಂಬಿದ. ತೂಕ ತುಂಬುವಾಗ ಹಿಂದಿನ ಸೀಟಿನವರಿಗೂ ಕೇಳುವ ಹಾಗೆ ಓದಿ ಹೇಳಿದ. ತಲೆಗೊಂದು ಮೊಟಕಿದೆ. ಕಾಯಿಲೆಯವನೆಂದು ಇಷ್ಟು ದಿನ ಮೊಟಕಿರಲಿಲ್ಲ. ಅವನಿಗೂ ಅದು ಖುಷಿಯಾದಂತೆ ಕಂಡಿತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಒಂದು ಗ್ರಾಂ ನೀರಿನ ತಾಪವನ್ನು ಒಂದು ಡಿಗ್ರಿ ಏರಿಸಲು ಬೇಕಾಗುವ ಶಾಖವೇ ಕ್ಯಾಲೊರಿ ಎಂದು ಎಷ್ಟು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೋ. ಎರಡು ಅಂಕದ ಪ್ರಶ್ನೆ. ಬರೆಯದವರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೂ ಉಂಟು. ಆ ಕ್ಯಾಲೊರಿ ಬೀಕರು, ಬರ್ನರು ಬಿಟ್ಟು ನನ್ನ ಕಾಯಿಚಟ್ನಿಯಲ್ಲಿ, ಎರಡನೇ ಲೋಟ ಕಾಫಿಯಲ್ಲಿ, ಮಗುವೊಂದು ಹುಟ್ಟುಹಬ್ಬಕ್ಕೆ ತಂದುಕೊಟ್ಟ ಚಾಕೊಲೇಟಿನಲ್ಲಿ ಮನೆಮಾಡಿಕೊಂಡಿದೆ ಎಂಬುದು ನನ್ನ ತಲೆಗೇ ಹೋಗಿರಲಿಲ್ಲ. ಈಗ ಒಂದು ಚಮಚ ಎಣ್ಣೆ ನೋಡಿದರೆ ಅದು ಎಣ್ಣೆಯಾಗಿ ಕಾಣುವುದಿಲ್ಲ, ಅಂಕಿಯಾಗಿ ಕಾಣುತ್ತದೆ. ಒಗ್ಗರಣೆ ಚಟಪಟ ಅನ್ನುವಾಗ ಹೊಟ್ಟೆ ಉರಿಯುತ್ತದೆ.

ತಿನ್ನುವುದು ಕಮ್ಮಿ ಮಾಡಿದರೆ ಸಾಲದು, ತಿಂದಿದ್ದನ್ನು ಸುಡಬೇಕು ಎಂದು ಆ್ಯಪ್ ಹೇಳಿತು. ಸರಿ, ಬೆಳಿಗ್ಗೆ ಎದ್ದು ಮಧುಗಿರಿ ಬೆಟ್ಟದ ಬುಡದ ರಸ್ತೆಯಲ್ಲಿ ನಡೆಯಲು ಹೊರಟೆ. ನಮ್ಮೂರಿನಲ್ಲಿ ಟೀಚರ್ ಒಬ್ಬಳು ಒಬ್ಬಳೇ ಬಿರಬಿರನೆ ನಡೆದು ಹೋದರೆ ಏನೋ ಆಗಿದೆ ಎಂದೇ ಅರ್ಥ. ಹಳೇ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಬೈಕ್ ನಿಲ್ಲಿಸಿ, ಬಸ್ ತಪ್ಪಿಹೋಯಿತಾ ಮಿಸ್, ಹತ್ತಿ, ಬಿಡ್ತೀನಿ ಅನ್ನುತ್ತಾರೆ. ಬೇಡಪ್ಪ, ವಾಕಿಂಗು ಅಂದರೆ ನಂಬುವುದಿಲ್ಲ. ಬೇಜಾರು ಮಾಡಿಕೊಂಡಿದ್ದೀರಾ, ಅವತ್ತು ನಾನು ಕಾಪಿ ಹೊಡೆದಿದ್ದು ಇನ್ನೂ ಮರೆತಿಲ್ವಾ ಎಂದು ಒಬ್ಬ ಮುಖ ಚಿಕ್ಕದು ಮಾಡಿಕೊಂಡ. ಬೈಕಿನವರಿಂದ ತಪ್ಪಿಸಿಕೊಂಡರೆ ಬಾಗಿಲಿಗೆ ನೀರು ಹಾಕುತ್ತಿರುವ ಹೆಂಗಸರು. ಬನ್ನಿ ಮೇಡಂ, ಬಾಗಿಲ ತನಕ ಬಂದು ಹಂಗೇ ಹೋಗ್ತೀರಾ, ಒಂದು ಲೋಟ ಕಾಫಿ ಕುಡಿದು ಹೋಗಿ. ಮೂರು ಮನೆಗೆ ಇಲ್ಲವೆಂದು ನಾಲ್ಕನೆಯವರಿಗೆ ಇಲ್ಲವೆನ್ನುವ ಧೈರ್ಯ ನನಗಿಲ್ಲ. ಅವರು ಬೆಲ್ಲದ ಕಾಫಿ ಕೊಟ್ಟು, ಜೊತೆಗೆ ನಿಪ್ಪಟ್ಟು ಇಡುತ್ತಾರೆ. ನಡೆದು ಸುಟ್ಟಿದ್ದಕ್ಕಿಂತ ತಿಂದು ತುಂಬಿಕೊಂಡಿದ್ದೇ ಹೆಚ್ಚು ಎಂದು ಆ್ಯಪ್ ಕೆಂಪು ಅಕ್ಷರದಲ್ಲಿ ತೋರಿಸಿದಾಗ ಫೋನನ್ನು ಅಲ್ಲೇ ಬಂಡೆಗೆ ಬಡಿಯೋಣ ಅನ್ನಿಸಿತು.

ಇನ್ನೊಂದು ತಮಾಷೆ ಕೇಳಿ. ನನ್ನ ಶಾಲೆ ಕೊರಟಗೆರೆ ಕಡೆಯ ಒಂದು ಹಳ್ಳಿಯಲ್ಲಿದೆ. ಕೊನೆಯ ಒಂದಷ್ಟು ದೂರ ರಸ್ತೆ ಎಂದರೆ ಗುಂಡಿಗಳ ನಡುವೆ ಅಲ್ಲಲ್ಲಿ ಉಳಿದ ಟಾರು. ಬಸ್ಸು ಎತ್ತಿ ಎತ್ತಿ ಹಾಕುವಾಗ ಬ್ಯಾಗಿನಲ್ಲಿದ್ದ ಫೋನು ನಾನು ನಡೆಯುತ್ತಿದ್ದೇನೆ ಎಂದು ತಿಳಿದುಕೊಳ್ಳುತ್ತದೆ. ಸೀಟಿನಲ್ಲಿ ಕೂತು ತೂಕಡಿಸುತ್ತಿರುವವಳಿಗೆ ‘ಶಹಬ್ಬಾಸ್, ಇವತ್ತಿನ ಗುರಿ ಮುಟ್ಟಿದಿರಿ’ ಎಂದು ಪಟಾಕಿ ಹಾರಿಸುತ್ತದೆ. ಅದೇ ನಾನು ಇಡೀ ದಿನ ನಿಂತು, ಬೋರ್ಡಿಗೂ ಕೊನೆಯ ಬೆಂಚಿಗೂ ಓಡಾಡಿ, ಗಂಟಲು ಹರಿದುಕೊಂಡು ಪಾಠ ಮಾಡಿದ್ದಕ್ಕೆ ಅದರಲ್ಲಿ ಹೆಸರೇ ಇಲ್ಲ. ಫೋನು ಮೇಜಿನ ಮೇಲಿತ್ತಂತೆ, ಆದ್ದರಿಂದ ನಾನೂ ಕದಲಿಲ್ಲವಂತೆ. ಮುದ್ದೆಗೆ ಹಿಟ್ಟು ತೊಳಸುವುದಕ್ಕೂ ಹೆಸರಿಲ್ಲ. ಕುದಿಯುವ ಹಿಟ್ಟಿಗೆ ಕೋಲು ಹಾಕಿ, ಪಾತ್ರೆಯನ್ನು ಕಾಲಲ್ಲಿ ಅದುಮಿ ಹಿಡಿದು ತಿರುವಿ ನೋಡಲಿ ಆ್ಯಪ್ ಮಾಡಿದವರು, ರಟ್ಟೆ ಗೊತ್ತಾಗುತ್ತದೆ.

ಸ್ಟಾಫ್ ರೂಮಿನ ಕತೆ ಬೇರೆ. ಕನ್ನಡ ಹೇಳಿಕೊಡುವ ರತ್ನಮ್ಮ ಮೇಡಂ ಪಾವಗಡ ತಾಲ್ಲೂಕಿನ ವೈ.ಎನ್.ಹೊಸಕೋಟೆಯವರು. ಅವರ ಹೊಲದ ಕಡಲೇಕಾಯಿ ಬಂದಿತೆಂದರೆ ಉಪ್ಪು ಹಾಕಿ ಬೇಯಿಸಿ ಡಬ್ಬಿ ತುಂಬ ತರುತ್ತಾರೆ. ತರಗತಿಯಲ್ಲಿ ಅಚ್ಚ ಕನ್ನಡ ಮಾತಾಡುವ ಅವರಿಗೆ ಪ್ರೀತಿ ಉಕ್ಕಿದಾಗ ಮಾತ್ರ ತೆಲುಗು ಬರುತ್ತದೆ. ತಿನಂಡಿ ಮೇಡಂ, ಏಮೀ ಕಾದು ಎಂದು ಡಬ್ಬಿಯನ್ನು ನನ್ನ ಮುಂದೆ ತಳ್ಳುತ್ತಾರೆ. ಏನೂ ಆಗಲ್ಲವಂತೆ. ಬೆಂದ ಕಡಲೇಕಾಯನ್ನು ಮುಂದಿಟ್ಟು ಏನೂ ಆಗಲ್ಲ ಅನ್ನುವವರ ಜೊತೆ ಏನು ಜಗಳವಾಡುತ್ತೀರಿ? ಸುಲಿಯುತ್ತಾ ಸುಲಿಯುತ್ತಾ ಎಷ್ಟು ಹೊಟ್ಟೆಗೆ ಹೋಯಿತೋ ಲೆಕ್ಕ ಸಿಗುವುದಿಲ್ಲ. ಸಿಪ್ಪೆಯ ಗುಡ್ಡೆ ನೋಡಿ ಅಂದಾಜು ಮಾಡೋಣವೆಂದರೆ ಅದರಲ್ಲಿ ಡ್ರಿಲ್ ಮೇಷ್ಟರ ಸಿಪ್ಪೆಯೂ ಸೇರಿಕೊಂಡಿರುತ್ತದೆ.

ನೆಂಟರ ಮನೆಯ ಗೃಹಪ್ರವೇಶಕ್ಕೆ ಕೊರಟಗೆರೆಗೆ ಹೋಗಿದ್ದಾಗ ನಾನು, ನಾಗ ಪಂಕ್ತಿಯಲ್ಲಿ ಅಕ್ಕಪಕ್ಕ ಕೂತೆವು. ಅವನು ನೀರು ಕುಡಿಯುವ ಹಾಗಿಲ್ಲ, ದಿನಕ್ಕೆ ಇಷ್ಟೇ ಲೋಟ ಎಂದು ಕಟ್ಟು. ನಾನು ಉಣ್ಣುವ ಹಾಗಿಲ್ಲ. ಒಬ್ಬೊಬ್ಬರೇ ಬಡಿಸಲು ಬಂದರು. ಅವನು ಲೋಟದ ಮೇಲೆ ಕೈ ಮುಚ್ಚಿದ, ನಾನು ಎಲೆಯ ಮೇಲೆ ಕೈ ಮುಚ್ಚಿದೆ. ಒಬ್ಬಟ್ಟಿನ ತಟ್ಟೆ ಹಿಡಿದಿದ್ದ ಹುಡುಗನಿಗೆ ಸಿಟ್ಟೇ ಬಂತು, ಅಕ್ಕ ತಮ್ಮ ಇಬ್ರೂ ಉಪವಾಸ ಕೂರಕ್ಕೆ ಇಲ್ಲಿ ತನಕ ಬಂದ್ರಾ ಎಂದು ಕೇಳಿದ. ಎದುರುಸಾಲಿನ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಶುಗರ್ರಾ ಅಂದಳು. ಅಲ್ಲಜ್ಜಿ ಅಂದೆ. ಮತ್ತೇನು ಎಂದು ಕೇಳಿದಳು. ಪಕ್ಕದಲ್ಲಿದ್ದವರು ಅಜ್ಜಿಯ ಕಿವಿಯಲ್ಲಿ ವಿಷಯ ಹೇಳಿದರು. ಅಜ್ಜಿ ನನಗೆ ಕೈಮುಗಿದಳು. ಆಮೇಲೆ ಇಡೀ ಸಾಲೇ ನನ್ನನ್ನು ನೋಡತೊಡಗಿತು. ದೊಡ್ಡ ಮನಸ್ಸು, ಇಂಥ ಅಕ್ಕನ ಪಡೆಯಕ್ಕೆ ಪುಣ್ಯ ಮಾಡಿರಬೇಕು ಎಂದೆಲ್ಲ ಮಾತು ಹರಿಯಿತು. ನನಗೆ ಆ ಮಾತುಗಳು ಬಂದಾಗಲೆಲ್ಲ ಎದ್ದು ಓಡಿಹೋಗೋಣ ಅನ್ನಿಸುತ್ತದೆ. ಪಾವಗಡದ ಸೋಲಾರ್ ಪಾರ್ಕಿನಲ್ಲಿ ಕೆಲಸ ಮಾಡಿಕೊಂಡು ಆಗೊಮ್ಮೆ ಈಗೊಮ್ಮೆ ಮನೆಗೆ ಬರುವ ನಮ್ಮ ಯಜಮಾನರೂ, ನಿನ್ನ ತಮ್ಮ, ನಿನ್ನ ಮನಸ್ಸು, ನಾನು ಅಡ್ಡ ಬರಲ್ಲ ಎಂದು ದೊಡ್ಡದಾಗಿ ಹೇಳಿ ಮುಗಿಸಿದ್ದರು. ಎಲ್ಲರೂ ಹೊಗಳಿದರು. ಯಾರೂ ಬೇರೇನೂ ಕೇಳಲಿಲ್ಲ.

ಈಗ ನಮ್ಮವ್ವನ ವಿಷಯಕ್ಕೆ ಬರಬೇಕು. ಅವ್ವ ಇದ್ದಿದ್ದು ಶಿರಾದಲ್ಲಿ, ನಾಗನ ಜೊತೆಯಲ್ಲೇ. ಮಗನಿಗೆ ಕಿಡ್ನಿ ಕೆಟ್ಟಮೇಲೆ ಅಡುಗೆಮನೆಯಲ್ಲಿ ಅವಳಿಗೂ ಸೊಸೆಗೂ ದಿನಾ ತಕರಾರು. ಅವನಿಗೆ ಉಪ್ಪು ಹಾಕುವ ಹಾಗಿಲ್ಲ. ಸೊಪ್ಪು ಬೇಯಿಸಿದರೆ ಬಸಿದ ನೀರನ್ನು ಚೆಲ್ಲಿ, ಬರೀ ಸೊಪ್ಪು ಕೊಡಬೇಕು ಎಂದು ಡಾಕ್ಟರು ಹೇಳಿದ್ದರು. ಬಸಿದ ನೀರು ಚೆಲ್ಲುವುದೆಂದರೇನು? ಅದೇ ಅಲ್ಲವೇ ಬಸ್ಸಾರು? ಸೊಸೆ ಚೆಲ್ಲಲು ತೆಗೆದಿಟ್ಟ ನೀರಿಗೆ ಅವ್ವ ಖಾರ ಅರೆದು ಹಾಕಿ, ಕುದಿಸಿ, ಮಗನ ತಟ್ಟೆಗೆ ಸುರಿದುಬಿಟ್ಟಳು. ಸದ್ಯ, ಸೊಸೆ ನೋಡಿದಳು. ನಾಗ ನಗುತ್ತಲೇ ಅವ್ವನನ್ನು ಕರೆತಂದು ನಮ್ಮ ಮನೆಯಲ್ಲಿ ಬಿಟ್ಟ. ಅಕ್ಕ ತೂಕ ಇಳಿಸಬೇಕು, ಬೆಳಿಗ್ಗೆ ಎದ್ದು ಶಾಲೆಗೂ ಓಡಬೇಕು, ಅಡುಗೆಗೆ ನೀನಿರು ಎಂದು ಒಪ್ಪಿಸಿದ. ತೂಕ ಇಳಿಸಬೇಕಾದವಳ ಮನೆಗೆ ಅವ್ವನನ್ನು ತಂದು ಬಿಡುವ ಬುದ್ಧಿ ಅವನಿಗೇ ಬರಬೇಕು.

ನೋಡಿ, ನಾನು ಚಿಕ್ಕಂದಿನಲ್ಲಿ ಕಡ್ಡಿ. ತೋವಿನಕೆರೆ ಹತ್ತಿರದ ನನ್ನ ತವರೂರಿನಲ್ಲಿ ನನ್ನನ್ನು ಹೆಸರು ಹಿಡಿದು ಕರೆದವರೇ ಕಮ್ಮಿ, ಕಡ್ಡಿ ಕಮಲಿ ಎಂದೇ ಕರೆಯುತ್ತಿದ್ದರು. ಮಗಳ ಮೈಗೆ ಮಾಂಸ ಹತ್ತಲಿ ಎಂದು ಹರಕೆ ಹೊತ್ತು ಅವ್ವ ನನ್ನನ್ನು ಸಿದ್ದರಬೆಟ್ಟ ಹತ್ತಿಸಿದ್ದಳು. ಬೆಟ್ಟ ಹತ್ತಿಸಿದರೆ ಇದ್ದ ಮಾಂಸವೂ ಕರಗುತ್ತದೆ ಎಂದು ಅವತ್ತು ಹೇಳಲು ಯಾವ ಆ್ಯಪೂ ಇರಲಿಲ್ಲ. ನಾನು, ನಾಗ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದೆವು. ಮುದ್ದೆಯ ನಡುವೆ ಗುಳಿ ಮಾಡಿ, ಸಾರು ತುಂಬಿ, ಅದನ್ನು ಕೆರೆ ಅನ್ನುತ್ತಿದ್ದೆವು. ನಾಗ ಬೇಕೆಂದೇ ನನ್ನ ಕೆರೆಯ ಏರಿ ಒಡೆದು ಸಾರೆಲ್ಲ ತನ್ನ ಕಡೆ ಹರಿಸಿಕೊಳ್ಳುತ್ತಿದ್ದ. ನಾನು ಅತ್ತರೆ ಅವ್ವ ಅವನ ಬೆನ್ನಿಗೊಂದು ಕೊಟ್ಟು ನನಗಿನ್ನೊಂದು ಮುದ್ದೆ ಹಾಕುತ್ತಿದ್ದಳು. ಮದುವೆಯಾಗಿ, ಹೆತ್ತು, ಸರ್ಕಾರಿ ಕೆಲಸ ಸಿಕ್ಕಿ ನಾನು ಮೈ ತುಂಬಿಕೊಂಡಾಗ ಅವ್ವನಿಗೆ ಹರಕೆ ತೀರಿದಷ್ಟು ಸಮಾಧಾನವಾಗಿತ್ತು. ಆ ಮೈಯನ್ನು ಕರಗಿಸು ಎಂದು ಯಾರೋ ಡಾಕ್ಟರು ಹೇಳಿದರೆ ಅವಳು ಹೇಗೆ ಒಪ್ಪಿಯಾಳು?

ಆದರೂ ಒಪ್ಪಿದಳು. ನಾನು ದಿನಾ ಎರಡು ಮುದ್ದೆ ಉಣ್ಣುವವಳು, ಇನ್ನು ಒಂದೇ ಒಂದು ಎಂದು ಬೆರಳೆತ್ತಿ ತೋರಿಸಿದೆ. ಅವ್ವ ತಲೆಯಾಡಿಸಿದಳು. ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ನಮ್ಮಲ್ಲಿ ಊಟದ ಲೆಕ್ಕವೆಲ್ಲ ಮುದ್ದೆಯಲ್ಲಿ. ಕೂಲಿಯವರು ಎಷ್ಟು ಜನ, ಎಷ್ಟು ಮುದ್ದೆ ತೊಳಸಬೇಕು ಎಂದೇ ಮಾತು. ಒಂದು ಎಂದರೆ ಒಂದು, ಎರಡು ಎಂದರೆ ಎರಡು. ಅದು ಎಷ್ಟು ದೊಡ್ಡದು ಎಂದು ಕೇಳುವವರಿಲ್ಲ. ಅದು ಕಟ್ಟುವವಳ ಕೈಗೆ ಬಿಟ್ಟಿದ್ದು. ಬಡಿಸಿದ ಮೇಲೆ ದೊಡ್ಡದಾಯಿತು ಅನ್ನುವುದು ಮರ್ಯಾದೆಯಲ್ಲ, ಮುರಿದ ಮುದ್ದೆ ಬಿಟ್ಟು ಏಳುವುದಂತೂ ಇಲ್ಲವೇ ಇಲ್ಲ. ನಾನು ನಿಯತ್ತಾಗಿ ಒಂದೇ ಮುದ್ದೆ ಉಂಡು, ನಿಯತ್ತಾಗಿ ಫೋನಿಗೆ ಒಂದು ಎಂದು ಹಾಕಿದೆ. ಫೋನು ಅದನ್ನು ಮಧ್ಯಮ ಎಂದು ತಿಳಿದು ಹಸಿರು ಅಕ್ಷರದಲ್ಲಿ ಮೆಚ್ಚಿತು.

ತೂಕ ಮಾತ್ರ ಅಲ್ಲಾಡಲಿಲ್ಲ. ಮೊದಮೊದಲು ಎರಡು ಕೆ.ಜಿ. ಇಳಿದಿದ್ದು, ಅವ್ವ ಬಂದಮೇಲೆ ನಿಂತಲ್ಲೇ ನಿಂತಿತು. ಆಮೇಲೆ ಅರ್ಧ ಕೆ.ಜಿ. ಏರಿತು. ನಾನು ತೂಕದ ಮಿಷನ್ನನ್ನು ಬೈದೆ, ನಡುಮನೆಯ ಮೂಲೆಯಿಂದ ಬಾಗಿಲ ಹತ್ತಿರಕ್ಕೆ ಸರಿಸಿ ನೋಡಿದೆ, ಅದರ ಸೆಲ್ ಬದಲಾಯಿಸಿದೆ. ಕಾಫಿ ಬಿಟ್ಟೆ. ರತ್ನಮ್ಮ ಮೇಡಂ ಹತ್ತಿರ ಕೂರುವುದನ್ನೇ ಬಿಟ್ಟು ಲ್ಯಾಬಿನಲ್ಲಿ ಹೋಗಿ ಕೂತೆ. ಜೀರಿಗೆ ನೀರು ಕುಡಿಯಿರಿ, ಮೆಂತ್ಯ ನುಂಗಿ, ಬಿಸಿನೀರಿಗೆ ನಿಂಬೆಹಣ್ಣು ಹಿಂಡಿಕೊಳ್ಳಿ ಎಂದು ಹೇಳಿದವರ ಮಾತನ್ನೆಲ್ಲ ಕೇಳಿ ಹೊಟ್ಟೆಯೊಳಗೊಂದು ದಿನಸಿ ಅಂಗಡಿಯೇ ಆಯಿತು. ಬೆಂಗಳೂರಿಂದ ಫೋನು ಬಂದಾಗಲೆಲ್ಲ ಇನ್ನೂ ಆಗಿಲ್ಲ ಡಾಕ್ಟರೇ ಅನ್ನುತ್ತಿದ್ದೆ. ಆ ಕಡೆ ನಾಗನ ಮುಖ ಕಪ್ಪಿಟ್ಟು ಕಾಲು ಊದತೊಡಗಿತ್ತು. ಅವನು ಫೋನಿನಲ್ಲಿ, ಆರಾಮಾಗಿ ಇಳಿಸು ಅಕ್ಕ, ಜಲ್ದಿ ಏನಿಲ್ಲ ಅನ್ನುತ್ತಿದ್ದ. ಅವನು ಹಾಗೆ ಅಂದಾಗ ನನಗೆ ಇನ್ನೂ ರೇಗುತ್ತಿತ್ತು.

ಒಂದು ಭಾನುವಾರ ನಾಗ ಮನೆಗೆ ಬಂದ. ಮಧ್ಯಾಹ್ನ ಅವ್ವ ಹುರುಳಿಕಾಳಿನ ಸಾರು ಮಾಡಿದ್ದಳು. ಅವನಿಗೆಂದು ಸೊಸೆ ಡಬ್ಬಿಯಲ್ಲಿ ಕಟ್ಟಿಕೊಟ್ಟಿದ್ದ ಉಪ್ಪಿಲ್ಲದ ಅನ್ನ, ಪಲ್ಯ. ಇಬ್ಬರೂ ನೆಲದ ಮೇಲೆ ಎದುರುಬದುರು ಕೂತೆವು. ಅವ್ವ ನನ್ನ ತಟ್ಟೆಗೆ ಮುದ್ದೆ ಹಾಕಿ, ಅದರ ಮೇಲೇ ಸಾರು ಸುರಿದು ಒಳಗೆ ಹೋದಳು. ನಾನು ಎಂದಿನ ಹಾಗೆ ಫೋನು ತೆಗೆದು ಒಂದು ಎಂದು ಹಾಕುತ್ತಿದ್ದೆ. ನಾಗ ಡಬ್ಬಿಯ ಮುಚ್ಚಳ ತೆಗೆದವನು ಹಾಗೇ ಕೂತು ನನ್ನ ತಟ್ಟೆಯನ್ನೇ ನೋಡುತ್ತಿದ್ದ.

‘ಅಕ್ಕ, ದಿನಾ ಇಷ್ಟೇನಾ ನೀನು ಉಣ್ಣದು?’

‘ಒಂದೇ ಕಣ್ಲಾ. ಎಷ್ಟು ದಿನದಿಂದ ಒಂದೇ ಉಣ್ತಿದೀನಿ.’

‘ಇದು ಒಂದಲ್ಲ ಕಣಕ್ಕ,’ ಅಂದ. ‘ನಮ್ಮನೇಲಿ ಇದ್ರಾಗೆ ಮೂರು ಕಟ್ತಾರೆ.’

ನಾನು ಆಗ ತಟ್ಟೆ ನೋಡಿದೆ. ಇಷ್ಟು ದಿನ ಫೋನು ನೋಡುತ್ತಿದ್ದೆನೇ ಹೊರತು ತಟ್ಟೆ ನೋಡಿರಲಿಲ್ಲ ಎಂಬುದು ಅವತ್ತು ಗೊತ್ತಾಯಿತು. ಅವ್ವ ಒಂದೇ ದಿನಕ್ಕೆ ದೊಡ್ಡದು ಮಾಡಿರಲಿಲ್ಲ. ದಿನದಿಂದ ದಿನಕ್ಕೆ, ಕಣ್ಣಿಗೆ ಗೊತ್ತಾಗದ ಹಾಗೆ, ಒಂದೊಂದು ಚೂರು ಸೇರಿಸಿಕೊಂಡು ಬಂದಿದ್ದಳು. ನಾಗ ಮೊದಲು ಜೋರಾಗಿ ನಕ್ಕ. ಅವ್ವ ಅಡುಗೆಮನೆಯಿಂದ ಹೊರಗೆ ಬಂದಳು. ಅವನ ನಗುವಿಗೆ ಅವಳು ನಗಲಿಲ್ಲ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಅವನ ಮುಖ ನೋಡದೆ ನಿಂತಳು. ಆಗ ಅವನ ನಗುವೂ ನಿಂತಿತು. ಡಬ್ಬಿಯಲ್ಲಿದ್ದುದನ್ನು ಅರ್ಧ ಉಂಡು, ಸಂಜೆಯ ಬಸ್ಸಿಗೆ ಹೋಗಬಹುದಾಗಿದ್ದವನು ಮಧ್ಯಾಹ್ನದ ಬಸ್ಸಿಗೇ ಹೊರಟ. ಬರ್ತೀನವ್ವ ಎಂದು ಮಾತ್ರ ಹೇಳಿದ.

ಅವನು ಹೋದಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹಿತ್ತಲ ಬಾಗಿಲಿನಲ್ಲಿ ಅವ್ವ ಮೊರ ಹಿಡಿದು ಹುರುಳಿ ಕೇರುತ್ತಾ ಕೂತಿದ್ದಳು. ನಾನು ಎದುರಿಗೆ ನಿಂತುಕೊಂಡು, ಪ್ರೀತಿಗೂ ಒಂದು ಮಿತಿ ಬೇಡವಾ, ಹೊಟ್ಟೆ ತುಂಬಿಸುವುದು ಬಿಟ್ಟರೆ ನಿನಗೆ ಬೇರೇನೂ ತಿಳಿಯುವುದಿಲ್ಲವಾ, ಅಲ್ಲಿ ಅವನ ಕಾಲು ಊದುತ್ತಿದೆ, ಇಲ್ಲಿ ನೀನು ನನ್ನನ್ನು ಊದಿಸುತ್ತಿದ್ದೀಯಲ್ಲ ಎಂದು ಬಾಯಿಗೆ ಬಂದಿದ್ದೆಲ್ಲ ಅಂದೆ. ಇಷ್ಟು ದಿನ ಆ್ಯಪಿನ ಮೇಲೆ, ಬಸ್ಸಿನ ಮೇಲೆ, ಕಾಫಿ ಕೊಟ್ಟವರ ಮೇಲೆ ಬಂದಿದ್ದ ಸಿಟ್ಟೆಲ್ಲ ಅವಳ ಮೇಲೆ ಸುರಿಯಿತು. ಅವ್ವ ಕೇರುವುದನ್ನು ನಿಲ್ಲಿಸಲಿಲ್ಲ. ಗೊತ್ತಿಲ್ಲದೆ ಮಾಡಿದ್ದಾಳೆ, ವಯಸ್ಸಾದವಳು ಎಂದುಕೊಂಡು ನಾನೇ ದನಿ ತಗ್ಗಿಸಿ ಕೇಳಿದೆ.

‘ಬೇಕು ಅಂತ್ಲೇ ಮಾಡಿದ್ಯಾ ಅವ್ವ?’

‘ಹೂಂ.’

‘ನಾಗ ನಿನ್ನ ಮಗ ಅಲ್ವಾ?’

‘ನೀನು ಯಾರ ಮಗಳು?’

ಅವ್ವ ಮೊರ ಕೆಳಗಿಟ್ಟಳು. ನನ್ನ ಮುಖ ನೋಡಿ ಅಲ್ಲ, ಹುರುಳಿಯನ್ನು ನೋಡಿಕೊಂಡೇ ಮಾತಾಡಿದಳು.

‘ಕೊಡು ಅನ್ನಕ್ಕೂ ನಂಗೆ ಬಾಯಿ ಬರಲ್ಲ, ಕೊಡಬ್ಯಾಡ ಅನ್ನಕ್ಕೂ ಬರಲ್ಲ. ಸೀರೆ ಉಡೋವಾಗ ನೀನು ಪಕ್ಕೆ ಒತ್ತಿ ಒತ್ತಿ ನೋಡ್ಕತೀಯ, ನಾನು ಕಂಡಿವ್ನಿ. ನಿಂಗೆ ಭಯ ಐತೆ. ಅದನ್ನ ಯಾರ ತಾವ ಹೇಳ್ಕತೀಯ? ಹೇಳಿದ್ರೆ ತಮ್ಮನ ಕೈಬುಟ್ಳು ಅಂತಾರೆ. ತೂಕ ಇಳೀಲಿಲ್ಲ ಅಂದ್ರೆ ಡಾಕ್ಟ್ರೇ ಬ್ಯಾಡ ಅಂತಾರೆ. ನಿಂದೇನೂ ತಪ್ಪಿರಲ್ಲ. ಮುದ್ದೆ ಕಟ್ಟಿದೋಳು ನಾನು. ಬೈದ್ರೆ ನನ್ನ ಬೈತಾರೆ, ಬೈಲಿ.’

ಹೌದು, ನನಗೆ ಭಯವಿತ್ತು. ಡಾಕ್ಟರ ಮುಂದೆ ಕೊಡುತ್ತೇನೆ ಎಂದು ಹೇಳಿದ ಗಳಿಗೆಯಿಂದಲೇ ಇತ್ತು. ಮಕ್ಕಳಿಗೆ ಚಿತ್ರ ಬರೆದು, ಬಾಣದ ಗುರುತು ಹಾಕಿ ಹೇಳಿಕೊಟ್ಟ ಅಂಗವೊಂದನ್ನು ನನ್ನ ಪಕ್ಕೆಯಿಂದಲೇ ತೆಗೆಯುತ್ತಾರೆ ಎಂದು ನೆನೆದಾಗಲೆಲ್ಲ ಕೈ ಅಲ್ಲಿಗೇ ಹೋಗುತ್ತಿತ್ತು. ಪ್ರಜ್ಞೆ ತಪ್ಪಿಸಿದ ಮೇಲೆ ಎಚ್ಚರವಾಗದಿದ್ದರೆ ಏನು ಮಾಡುವುದು ಎಂದು ಅನ್ನಿಸುತ್ತಿತ್ತು. ಎಲ್ಲರೂ ದೊಡ್ಡ ಮನಸ್ಸು ಅಂದಿದ್ದರು, ಕೈಮುಗಿದಿದ್ದರು. ಭಯವಾಗುತ್ತದಾ ಎಂದು ಕೇಳಿದವರು ಒಬ್ಬರೂ ಇರಲಿಲ್ಲ. ಅವ್ವನೂ ಕೇಳಿರಲಿಲ್ಲ. ನಾನು ಬಾಯಿಬಿಟ್ಟು ಒಲ್ಲೆ ಅನ್ನಲಾರೆ ಎಂದು ತಿಳಿದು, ನನ್ನ ಬದಲು ಒಲ್ಲೆ ಅನ್ನುವುದಕ್ಕೆ ಅವಳಿಗೆ ಗೊತ್ತಿದ್ದ ದಾರಿ ಅದೊಂದೇ. ಮಗನ ಮುಖ ನೋಡಲಾಗದಂಥ ಕೆಲಸವೆಂದು ಗೊತ್ತಿದ್ದೇ ದಿನಾ ಮುದ್ದೆ ಕಟ್ಟಲು ಕೈ ಒದ್ದೆ ಮಾಡಿಕೊಂಡು ಕೂತಿದ್ದಾಳೆ. ನನಗೆ ಅಳು ಬಂತು.

ಅವಳ ಪಕ್ಕ ಕೂತೆ. ಭಯ ಐತೆ ಕಣವ್ವ ಅಂದೆ. ಅದನ್ನು ಬಾಯಲ್ಲಿ ಅಂದಿದ್ದು ಅದೇ ಮೊದಲು. ಅಂದಮೇಲೆ ಅದು ನಾನು ಅಂದುಕೊಂಡಷ್ಟು ದೊಡ್ಡದಾಗಿ ಕಾಣಲಿಲ್ಲ.

‘ಭಯ ಐತೆ, ಆದ್ರೂ ಕೊಡ್ತೀನಿ,’ ಅಂದೆ. ‘ಒಲ್ಲೆ ಅನ್ನಂಗಿದ್ರೆ ನಾನೇ ಅಂತೀನಿ. ನೀನು ಮುದ್ದೆ ಕೈಲಿ ಅನ್ನಿಸ್ಬ್ಯಾಡ.’

ಅವ್ವ ಮತ್ತೆ ಮೊರ ಎತ್ತಿಕೊಂಡು ಬಹಳ ಹೊತ್ತು ಕೇರಿದಳು. ಹಾರಿಸುವುದಕ್ಕೆ ಅದರಲ್ಲಿ ಹೊಟ್ಟು ಏನೂ ಉಳಿದಿರಲಿಲ್ಲ.

ಮಾರನೆಯ ಸಂಜೆ ಶಾಲೆಯಿಂದ ಬಂದಾಗ ಇನ್ನೂ ಬೆಳಕಿತ್ತು. ಬೆಳಿಗ್ಗೆಯಿಂದ ಹೊಟ್ಟೆಗೆ ಸರಿಯಾಗಿ ಏನೂ ಬಿದ್ದಿರಲಿಲ್ಲ, ಬೇಗ ಉಂಡುಬಿಡೋಣವೆಂದು ಕೈಕಾಲು ತೊಳೆದು ಅಡುಗೆಮನೆಗೆ ಹೋದೆ. ಅವ್ವ ಹಿಟ್ಟು ತೊಳಸಿ ಇಳಿಸಿದ್ದಳು. ಮಣೆಗೆ ನೀರು ಸವರಿತ್ತು, ಕೈಯೂ ಒದ್ದೆಯಾಗಿತ್ತು. ಮುದ್ದೆ ಮಾತ್ರ ಕಟ್ಟಿರಲಿಲ್ಲ. ಬಿಸಿ ಹಿಟ್ಟನ್ನು ಮುಂದಿಟ್ಟುಕೊಂಡು ಅವಳು ಹಾಗೆ ಸುಮ್ಮನೆ ಕೂತಿದ್ದನ್ನು ನನ್ನ ಜನ್ಮದಲ್ಲಿ ನೋಡಿರಲಿಲ್ಲ.

‘ಎಷ್ಟು ಕಟ್ಲಿ, ನೀನೇ ಹೇಳು,’ ಅಂದಳು.

ಅವ್ವ ಯಾರನ್ನೂ ಯಾವತ್ತೂ ಹಾಗೆ ಕೇಳಿದವಳಲ್ಲ. ನನಗೂ ಗ್ರಾಮು, ಕ್ಯಾಲೊರಿ ಯಾವುದೂ ಹೊಳೆಯಲಿಲ್ಲ. ಮುಷ್ಟಿ ಕಟ್ಟಿ ತೋರಿಸಿದೆ. ಅವಳು ನನ್ನ ಮುಷ್ಟಿಯನ್ನು ಎರಡೂ ಒದ್ದೆ ಕೈಯಲ್ಲಿ ಹಿಡಿದುಕೊಂಡು, ಆ ಕಡೆ ಈ ಕಡೆ ತಿರುಗಿಸಿ ನೋಡಿದಳು.

‘ಅವರು ತೆಗೀತಾರಲ್ಲ ಕಿಡ್ನಿ, ಅದೆಷ್ಟಿರ್ತದೆ?’

ಅದು ನಾನು ಪಾಠ ಮಾಡುವ ವಿಷಯವೇ. ಅವರವರ ಮುಷ್ಟಿಯಷ್ಟು ಎಂದು ವರ್ಷವರ್ಷವೂ ಮಕ್ಕಳಿಗೆ ಹೇಳುತ್ತೇನೆ.

‘ಇಷ್ಟೇ ಕಣವ್ವ,’ ಅಂದೆ.

ಅವ್ವ ಸ್ವಲ್ಪ ಹೊತ್ತು ಕೈ ಬಿಡಲಿಲ್ಲ. ಪಾತ್ರೆಯಲ್ಲಿ ಹಿಟ್ಟು ಆರುತ್ತಿತ್ತು. ಆಮೇಲೆ ಅಷ್ಟೇ ಗಾತ್ರದ್ದೊಂದು ಮುದ್ದೆ ಕಟ್ಟಿ ನನ್ನ ತಟ್ಟೆಗೆ ಹಾಕಿ, ‘ಉಣ್ಣು, ಬೇಗ ಇಳೀಲಿ,’ ಅಂದಳು.